ವೆದೆಮ್: ತೆರೆಜೀನಿನ ಬಾಲಕರ ಕೈಬರಹದ ಪತ್ರಿಕೆ (೧೯೪೨–೧೯೪೪)

೧

ಸಾಹಿತ್ಯಚರಿತ್ರೆಯಲ್ಲಿ ಎಳೆಯರ ಬರಹಕ್ಕೆ ದೊರೆಯುವ ಸ್ಥಳ ಬಹಳ ಕಿರಿದು. ಕವಿಯೊಬ್ಬನು ಪ್ರೌಢನಾಗಿ ಕೀರ್ತಿಯನ್ನು ಪಡೆದ ಮೇಲೆ, ಅವನು ಹದಿನಾಲ್ಕನೆಯ ವಯಸ್ಸಿನಲ್ಲಿ ಬರೆದ ಪದ್ಯಗಳನ್ನು ಹುಡುಕಿ ತೆಗೆದು, ಮುಂದಿನ ಪ್ರತಿಭೆಯ ಮೊಳಕೆ ಅಲ್ಲಿಯೇ ಇದ್ದಿತೆಂದು ತೋರಿಸುವುದು ಚರಿತ್ರಕಾರರ ವಾಡಿಕೆ. ಮುಂದೆ ಕವಿಯಾಗದವನ ಬಾಲ್ಯದ ಪದ್ಯವನ್ನು ಯಾರೂ ಹುಡುಕುವುದಿಲ್ಲ. ಹೀಗಾಗಿ, ಹರೆಯದವರು ಬರೆದುದನ್ನು ಹರೆಯದವರೇ ಕೇಳಿ, ಮೆಚ್ಚಿ, ಜರೆದು, ತಿದ್ದಿಕೊಂಡ ಕೂಟಗಳ ಚರಿತ್ರೆ ಬಹುಮಟ್ಟಿಗೆ ಬರೆಯದೆಯೇ ಉಳಿದಿದೆ. ಶಾಲೆಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಹೊರಟ ಕೈಬರಹದ ಪತ್ರಿಕೆಗಳಿಗೆ ಲೆಕ್ಕವಿಲ್ಲ. ಬರೆದವರು ಊರು ಬಿಟ್ಟೊಡನೆ ಅವು ರದ್ದಿಯ ಪಾಲಾಗುವುದೇ ಸಾಮಾನ್ಯ.

ಇಂತಹ ಪತ್ರಿಕೆಗಳಲ್ಲಿ ಒಂದು ಉಳಿದು ಬಂದಿದೆ. ಅದನ್ನು ಬರೆದ ಬಾಲಕರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಚೆಕ್ ದೇಶದ ತೆರೆಜೀನ್ ಎಂಬ ಕೋಟೆಯ ಊರಿನಲ್ಲಿ, ಜರ್ಮನರ ಸೆರೆಯಲ್ಲಿದ್ದ ಯೆಹೂದ್ಯ ಬಾಲಕರು ೧೯೪೨ನೆಯ ಡಿಸೆಂಬರಿನಿಂದ ೧೯೪೪ನೆಯ ಜುಲೈವರೆಗೆ ವಾರವಾರವೂ ಗುಟ್ಟಾಗಿ ಹೊರಡಿಸಿದ ‘ವೆದೆಮ್’ ಎಂಬುದೇ ಈ ಪತ್ರಿಕೆ. ಇದರ ಸುಮಾರು ೮೦೦ ಪುಟಗಳು ಇಂದಿಗೂ ಇವೆ. ಚೆಕ್ ಭಾಷೆಯಲ್ಲಿ ಈ ಮಾತಿಗೆ ‘ಮುಂದಾಳಾಗಿ ನಡೆಯುತ್ತೇವೆ’ ಎಂಬ ಅರ್ಥ. ಸಂಸ್ಕೃತದ ವೇದಶಬ್ದದೊಡನೆ ಇದಕ್ಕೆ ಸಂಬಂಧವನ್ನು ಕಲ್ಪಿಸಲಾಗದು.

ಮಹಾಯುದ್ಧದ ಕ್ರೌರ್ಯಕ್ಕೆ ಸಾಕ್ಷಿಯೆಂದು ಈ ಪತ್ರಿಕೆಯನ್ನು ಜಗತ್ತು ಗೌರವಿಸಿದೆ. ಅದು ಯುಕ್ತವೇ ಸರಿ. ಆದರೆ ಬಾಲಕರು ಇದನ್ನು ಮುಂದಿನ ಪೀಳಿಗೆಗೆ ಸಾಕ್ಷಿ ಹೇಳುವುದಕ್ಕೆಂದೇ ಬರೆದವರಲ್ಲ. ಶುಕ್ರವಾರ ಸಂಜೆ ತಮ್ಮ ಕೋಣೆಯ ಸಂಗಡಿಗರು ಕೇಳಬೇಕೆಂದು ಬರೆದರು. ಆ ಕೇಳುವ ಮಂದಿಯನ್ನು ಮರೆತು ಈ ಬರಹಗಳನ್ನು ಬಿಡಿಬಿಡಿಯಾಗಿ ಓದಿದರೆ ಅವುಗಳ ಅರ್ಧಭಾಗ ಕಳೆದುಹೋಗುತ್ತದೆ. ಪತ್ರಿಕೆ ಹುಟ್ಟಿದ ಸಂದರ್ಭ, ನಡೆದ ಬಗೆ, ಉಳಿದ ರೀತಿ ಇವುಗಳನ್ನು ಕ್ರಮವಾಗಿ ವಿಚಾರಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ.

೨

ತೆರೆಜೀನ್ ಪ್ರಾಗ್ ನಗರದ ಉತ್ತರಕ್ಕೆ ಸುಮಾರು ೬೦ ಕಿಲೋಮೀಟರು ದೂರದಲ್ಲಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಎರಡನೆಯ ಜೋಸೆಫನು ಈ ಕೋಟೆಯನ್ನು ಕಟ್ಟಿಸಿ, ತನ್ನ ತಾಯಿ ಮರಿಯಾ ತೆರೇಸಳ ಹೆಸರನ್ನು ಇದಕ್ಕೆ ಇಟ್ಟನು. ೧೯೪೧ನೆಯ ನವೆಂಬರಿನಲ್ಲಿ ನಾಟ್ಸಿಗಳು ಇದನ್ನು ಯೆಹೂದ್ಯರ ಬಂದಿವಾಸವನ್ನಾಗಿ ಮಾಡಿದರು. ಯುದ್ಧಕ್ಕೆ ಮೊದಲು ಸೈನಿಕರೂ ಸೇರಿ ಏಳೆಂಟು ಸಾವಿರ ಜನ ವಾಸಿಸುತ್ತಿದ್ದ ಊರಿನಲ್ಲಿ ೧೯೪೨ನೆಯ ಸೆಪ್ಟೆಂಬರಿನ ವೇಳೆಗೆ ಸುಮಾರು ೫೮,೦೦೦ ಜನರನ್ನು ತುಂಬಿದ್ದರು. ಯುದ್ಧ ಮುಗಿಯುವುದರೊಳಗಾಗಿ ಸುಮಾರು ೧,೪೦,೦೦೦ ಮಂದಿ ಇಲ್ಲಿಗೆ ಬಂದರು; ಅವರಲ್ಲಿ ಸುಮಾರು ೩೩,೦೦೦ ಮಂದಿ ಹಸಿವಿನಿಂದಲೂ ರೋಗದಿಂದಲೂ ಇಲ್ಲಿಯೇ ಸತ್ತರು; ಸುಮಾರು ೮೮,೦೦೦ ಮಂದಿಯನ್ನು ಪೂರ್ವದಿಕ್ಕಿನ ಆಷ್‌ವಿಟ್ಸ್ ಮೊದಲಾದ ವಧಾಸ್ಥಾನಗಳಿಗೆ ರೈಲಿನಲ್ಲಿ ಸಾಗಿಸಲಾಯಿತು. ಯಾರ ಹೆಸರು ಎಂದು ಪಟ್ಟಿಯಲ್ಲಿ ಬರುವುದೋ ತಿಳಿಯದೆ, ಎಲ್ಲರೂ ಮುಂದಿನ ಸಾಗಣೆಯನ್ನು ಎದುರುನೋಡುತ್ತ ದಿನ ಕಳೆಯಬೇಕಾಗಿದ್ದಿತು.

ಬಂದಿಗಳ ಆಡಳಿತವನ್ನು ನೋಡಿಕೊಳ್ಳುವುದಕ್ಕೆ ಯೆಹೂದ್ಯ ಹಿರಿಯರ ಸಭೆಯೊಂದು ಇದ್ದಿತು. ಅದರ ಅಧಿಕಾರ ಅಲ್ಪವೇ ಆದರೂ, ಮಕ್ಕಳನ್ನು ಆದಷ್ಟು ಕಾಪಾಡಬೇಕೆಂಬುದು ಅದರ ಸಂಕಲ್ಪವಾಗಿದ್ದಿತು. ಇದರ ಫಲವಾಗಿ ಮಕ್ಕಳಿಗೆಂದು ಬೇರೆ ಬೇರೆ ನಿಲಯಗಳು ಏರ್ಪಟ್ಟುವು. ಅಲ್ಲಿ ಆಹಾರ ಉಳಿದವರಿಗಿಂತ ಸ್ವಲ್ಪ ಮೇಲಾಗಿದ್ದಿತು. ಜರ್ಮನರು ಪಾಠ ಹೇಳುವುದನ್ನು ನಿಷೇಧಿಸಿದ್ದರು. ಹಾಡು, ಆಟ, ಕೈಕೆಲಸ ಇವುಗಳಿಗೆ ಅಡ್ಡಿಯಿರಲಿಲ್ಲ. ಆದುದರಿಂದ ಉಪಾಧ್ಯಾಯರು ಆಟದ ಮರೆಯಲ್ಲಿ ಪಾಠ ಹೇಳಿದರು. ಬಾಗಿಲಲ್ಲಿ ಒಬ್ಬ ಹುಡುಗ ಕಾವಲು ನಿಲ್ಲುವನು. ಯಾರಾದರೂ ಬಂದರೆ ಪಾಠ ಹಾಡಾಗಿ ಬದಲಾಗುವುದು.

ಹಿಂದೆ ಶಾಲೆಯಾಗಿದ್ದ ಎಲ್-೪೧೭ ಎಂಬ ಕಟ್ಟಡದ ಒಂದನೆಯ ನಿಲಯದಲ್ಲಿ ಹದಿಮೂರರಿಂದ ಹದಿನೈದು ವರ್ಷದ ಬಾಲಕರು ಇದ್ದರು. ಮೂರಂತಸ್ತಿನ ಮರದ ಮಂಚಗಳನ್ನು ಹಾಕಿದ ಒಂದೇ ಕೋಣೆಯಲ್ಲಿ ಸುಮಾರು ನಲವತ್ತು ಜನರ ಊಟ, ನಿದ್ರೆ, ಜಗಳ, ಓದು ಎಲ್ಲವೂ ನಡೆಯಬೇಕಾಗಿದ್ದಿತು. ಈ ನಿಲಯದ ಪಾಲಕನಾಗಿ ಬಂದವನು ವಾಲ್ಟರ್ ಐಸಿಂಗರ್. ೧೯೧೩ರಲ್ಲಿ ಹುಟ್ಟಿದ ಈತ ಉಪಾಧ್ಯಾಯ. ಸಾಹಿತ್ಯದಲ್ಲಿ, ಮುಖ್ಯವಾಗಿ ರಷ್ಯನ್ ಸಾಹಿತ್ಯದಲ್ಲಿ, ಬಹಳ ಆಸಕ್ತಿಯುಳ್ಳವನು. ಈತನು ಹುಡುಗರಿದ್ದ ಕೋಣೆಯಲ್ಲಿಯೇ ಮಲಗುತ್ತಿದ್ದನು, ಅವರೊಡನೆ ಚೆಂಡಾಡುತ್ತಿದ್ದನು. ಆ ಕಾಲದ ಗುರುಶಿಷ್ಯ ಮರ್ಯಾದೆಯನ್ನು ಬಲ್ಲವರಿಗೆ ಇದು ಎಷ್ಟು ಹೊಸತೆಂಬುದು ತಿಳಿಯದಿರದು.

೩

ಐಸಿಂಗರನು ತನ್ನ ಬಾಲಕರಿಗೆ ಒಂದು ಕಥೆಯನ್ನು ಹೇಳಿದನು. ರಷ್ಯದ ಕ್ರಾಂತಿಯ ಬಳಿಕ ಪೆತ್ರೋಗ್ರಾದ್ ನಗರದಲ್ಲಿ, ದಿಕ್ಕಿಲ್ಲದೆ ಬೀದಿಯಲ್ಲಿ ಅಲೆಯುತ್ತಿದ್ದ ಹುಡುಗರಿಗಾಗಿ ದಸ್ತಯೇವ್‌ಸ್ಕಿಯ ಹೆಸರಿನಲ್ಲಿ ಒಂದು ಶಾಲೆ ನಡೆಯಿತು. ಆ ಶಾಲೆಯ ರಷ್ಯನ್ ಹೆಸರಿನ ಅಕ್ಷರಗಳನ್ನು ಕೂಡಿಸಿ ಹುಡುಗರು ಅದನ್ನು ‘ಶ್ಕಿದ್’ ಎಂದು ಕರೆದರು. ಅಲ್ಲಿ ಓದಿದ ಗ್ರಿಗೋರಿ ಬೆಲಿಖ್ ಮತ್ತು ಲಿಯೊನಿದ್ ಪಂತೆಲೇಯೆವ್ ಎಂಬಿಬ್ಬರು ಇಪ್ಪತ್ತರ ಆಸುಪಾಸಿನಲ್ಲಿಯೇ ಬರೆದ ‘ಶ್ಕಿದ್ ಗಣರಾಜ್ಯ’ ಎಂಬ ಗ್ರಂಥ ೧೯೨೭ರಲ್ಲಿ ಅಚ್ಚಾಯಿತು. ಗೋರ್ಕಿಯು ಅದನ್ನು ಹೊಗಳಿದನು. ಹುಡುಗರೇ ತಮ್ಮ ಆಡಳಿತವನ್ನು ನಡೆಸಿಕೊಂಡುದು, ಕಳ್ಳತನಕ್ಕೆ ಹೆಸರಾದವರೇ ಪತ್ರಿಕೆಗಳನ್ನು ಬರೆಯತೊಡಗಿದುದು, ಒಬ್ಬರನ್ನು ನೋಡಿ ಒಬ್ಬರು ಪೈಪೋಟಿಯಿಂದ ಪತ್ರಿಕೆ ಹೊರಡಿಸಿದುದು ಆ ಗ್ರಂಥದ ರಸವತ್ತಾದ ಭಾಗಗಳು. (ಬೆಲಿಖ್ ಮುಂದೆ ಸ್ಟಾಲಿನ್ನನ ಕಾಲದಲ್ಲಿ ಬಂಧಿತನಾಗಿ ೧೯೩೮ರಲ್ಲಿ ಸೆರೆಮನೆಯಲ್ಲಿ ಸತ್ತನು.)

ಈ ಕಥೆ ತೆರೆಜೀನಿನ ಬಾಲಕರ ಮನಸ್ಸನ್ನು ಹಿಡಿಯಿತು. ತಮ್ಮ ಕೋಣೆಗೂ ‘ಶ್ಕಿದ್ ಗಣರಾಜ್ಯ’ವೆಂದು ಹೆಸರಿಟ್ಟು, ತಮ್ಮೊಳಗಿನ ಆಡಳಿತಕ್ಕೆ ಪದಾಧಿಕಾರಿಗಳನ್ನು ಚುನಾಯಿಸಿಕೊಂಡರು. ವಾಲ್ಟರ್ ರೋತ್ ಎಂಬ ಹುಡುಗನು ಮೊದಲನೆಯ ಅಧ್ಯಕ್ಷನಾದನು. ವಿಧಿ ತಂದೊಡ್ಡಿದ ಅವಸ್ಥೆಗೆ ಸುಮ್ಮನೆ ತಲೆಬಾಗುವ ಗುಂಪಾಗಿರದೆ, ಕೆಲಸಮಾಡುವ ಪ್ರಜ್ಞಾವಂತ ಸಮಾಜವಾಗಿ ಬಾಳಬೇಕೆಂಬ ಅಭಿಪ್ರಾಯ ಅವನ ಭಾಷಣದಲ್ಲಿ ಕಂಡುಬರುತ್ತದೆ. ಗಣರಾಜ್ಯವೆಂದ ಮೇಲೆ ಅದಕ್ಕೊಂದು ಪತ್ರಿಕೆ ಬೇಡವೆ? ೧೯೪೨ನೆಯ ಡಿಸೆಂಬರ್ ೧೮ನೆಯ ದಿನ ‘ವೆದೆಮ್’ ಪತ್ರಿಕೆಯ ಮೊದಲನೆಯ ಸಂಚಿಕೆ ಹೊರಟಿತು.

ಇಲ್ಲಿ ಸಾಹಿತ್ಯಪರಂಪರೆಯ ವಿಷಯದಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಪರಂಪರೆಯೆಂದರೆ ಮಹಾಕವಿಯಿಂದ ಕವಿಗೆ, ಗುರುವಿನಿಂದ ಶಿಷ್ಯನಿಗೆ ಇಳಿದುಬರುವುದೆಂದು ಸಾಮಾನ್ಯವಾದ ಎಣಿಕೆ. ಇಲ್ಲಿಯಾದರೋ ಒಂದು ಊರಿನ ಹುಡುಗರ ಪತ್ರಿಕೆಯ ಕಥೆ, ಆ ಹುಡುಗರೇ ಬರೆದ ಗ್ರಂಥದ ಮೂಲಕ, ಹದಿನೈದು ವರ್ಷಗಳ ಮೇಲೆ ಬೇರೊಂದು ದೇಶದ, ಬೇರೊಂದು ಭಾಷೆಯ ಹುಡುಗರಿಗೆ ದಾರಿತೋರಿಸಿತು. ನಡುವೆ ನಿಂತು ಇವರೆರಡು ಗುಂಪುಗಳನ್ನು ಕೂಡಿಸಿದುದೇ ಉಪಾಧ್ಯಾಯನು ಮಾಡಿದ ದೊಡ್ಡ ಉಪಕಾರ.

೪

ಪತ್ರಿಕೆಯ ಸಂಪಾದಕನಾದ ಪೆತ್ರ್ ಗಿಂಜನಿಗೆ ಆಗ ಹದಿನಾಲ್ಕು ವರ್ಷ. ಅವನು ೧೯೨೮ನೆಯ ಫೆಬ್ರವರಿ ೧ರಂದು ಪ್ರಾಗ್ ನಗರದಲ್ಲಿ ಹುಟ್ಟಿದನು. ತಂದೆ ಯೆಹೂದ್ಯ, ತಾಯಿ ಕ್ರೈಸ್ತ ಮನೆತನದವಳು. ಇಬ್ಬರೂ ಎಸ್ಪೆರಾಂಟೊ ಭಾಷೆಯ ಅಭಿಮಾನಿಗಳು. ಇಂತಹ ಮಿಶ್ರ ಸಂಸಾರದ ಮಕ್ಕಳು ಹದಿನಾಲ್ಕು ವರ್ಷ ತುಂಬಿದೊಡನೆ ಮನೆಯನ್ನು ಬಿಟ್ಟು ಬಂದಿವಾಸಕ್ಕೆ ಹೋಗಬೇಕೆಂಬ ಕಟ್ಟಳೆಯಿದ್ದುದರಿಂದ, ಪೆತ್ರನು ೧೯೪೨ನೆಯ ಅಕ್ಟೋಬರಿನಲ್ಲಿ ಒಬ್ಬನೇ ತೆರೆಜೀನಿಗೆ ಬಂದನು. ಅದಕ್ಕೆ ಮೊದಲೇ ಅವನು ಝೂಲ್ ವೆರ್ನನ ರೀತಿಯಲ್ಲಿ ಸಾಹಸದ ಕಥೆಗಳನ್ನು ಬರೆದು ತಾನೇ ಚಿತ್ರಗಳನ್ನು ಹಾಕಿದ್ದನು. ಅವುಗಳಲ್ಲಿ ‘ಪ್ರಾಚೀನಯುಗದ ಅತಿಥಿ’ ಎಂಬುದು ಉಳಿದು ಬಂದಿದೆ. ತೆರೆಜೀನಿನಲ್ಲಿ ಅವನು ತಿಂಗಳು ತಿಂಗಳೂ ತಾನು ಓದಿದುದು, ಬರೆದುದು, ಚಿತ್ರಿಸಿದುದು ಇವುಗಳ ಪಟ್ಟಿಯನ್ನು ಇಡುತ್ತಿದ್ದನು. ಕೆಳಗಿನ ಮಂಚದ ಮೇಲೆ ಕಾಲು ಮಡಿಸಿ, ಸುತ್ತಲೂ ಕಾಗದ, ಪೆನ್ಸಿಲು, ಬಣ್ಣಗಳನ್ನು ಹರಡಿಕೊಂಡು ಕುಳಿತಿರುತ್ತಿದ್ದನೆಂದು ಅವನ ಸಂಗಡಿಗರು ಬಹುಕಾಲದ ಮೇಲೆಯೂ ನೆನೆದರು.

ಪತ್ರಿಕೆಯನ್ನು ಮೊದಲು ಟೈಪ್‌ರೈಟರಿನಲ್ಲಿ ಬರೆದರು. ರಿಬ್ಬನ್ನು ಸವೆದುಹೋದ ಮೇಲೆ ಬೇರೆ ರಿಬ್ಬನ್ನು ದೊರೆಯಲಿಲ್ಲ. ಅಂದಿನಿಂದ ಎಲ್ಲವೂ ಕೈಬರಹ. ಕೆಲವು ಕಾಲ ಪುಟಗಳನ್ನು ಗೋಡೆಗೆ ಅಂಟಿಸುತ್ತಿದ್ದರು. ಜರ್ಮನ್ ಕಾವಲಿನವರು ತಪಾಸಣೆಗೆ ಬಂದರೆ ಅಪಾಯವೆಂದು ಆ ಪದ್ಧತಿಯನ್ನು ಬಿಡಬೇಕಾಯಿತು. ಆದುದರಿಂದ ಪತ್ರಿಕೆಯ ನಿಜವಾದ ಪ್ರಕಟಣೆಯೆಂದರೆ ಶುಕ್ರವಾರ ಸಂಜೆಯ ವಾಚನ. ವಾರದಲ್ಲಿ ಬರೆದವರು ಬರೆದುದನ್ನು ಕೂಡಿದ ಸಂಗಡಿಗರ ಮುಂದೆ ಓದುವರು; ಉಳಿದವರು ಮಂಚಗಳ ಮೇಲೆ ಕುಳಿತು ಕೇಳುವರು. ಅಚ್ಚಿನ ಯುಗ ಐದು ಶತಮಾನ ನಡೆದ ಮೇಲೆ, ಯೂರೋಪಿನ ನಡುವಿನಲ್ಲಿ, ಸಾಹಿತ್ಯವು ಮತ್ತೆ ಬಾಯಿಂದ ಕಿವಿಗೆ ಸಾಗುವ ಅವಸ್ಥೆಗೆ ಬಂದಿತು. ಗಮಕಿಗಳ ಕಂಠದಲ್ಲಿ ಕಾವ್ಯವನ್ನು ಕೇಳಿ ಬೆಳೆದ ನಾಡಿನ ವಾಚಕರಿಗೆ, ಓದುಗನಿಗಾಗಿ ಬರೆಯುವುದಕ್ಕೂ ಎದುರಿಗೆ ಕುಳಿತ ಕೇಳುಗನಿಗಾಗಿ ಬರೆಯುವುದಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಜವಾದ ಪತ್ರಿಕೆಯಂತೆ ಕಾಣಬೇಕೆಂದು ಹುಡುಗರು ಮುಖಪುಟದ ಮೇಲೆ ತಮಾಷೆಗಾಗಿ ಬೆಲೆಯನ್ನೂ ಹಾಕುತ್ತಿದ್ದರು. ಬರೆಯುವವರಿಗೆ ಬಗೆಬಗೆಯ ಗುಪ್ತನಾಮಗಳಿದ್ದುವು. ಒಬ್ಬನೇ ಹುಡುಗನು ಹಲವು ಹೆಸರುಗಳಲ್ಲಿ ಬರೆದುದೂ ಉಂಟು. ಕೆಲವು ಹೆಸರುಗಳ ಹಿಂದೆ ಯಾರಿದ್ದರೆಂಬುದು ಕೊನೆಗೂ ಗೊತ್ತಾಗಲಿಲ್ಲ. ಲೇಖನಗಳು ಸಾಲದೆ ಬಂದ ವಾರ ಸಂಪಾದಕನೇ ಹೆಸರು ಬದಲಾಯಿಸಿಕೊಂಡು ಪುಟಗಳನ್ನು ತುಂಬಿಸುತ್ತಿದ್ದನು. ಲೇಖಕರ ಬೆನ್ನು ಹತ್ತುವ ಈ ಕಷ್ಟ ಪತ್ರಿಕೆ ನಡೆಸಿದವರೆಲ್ಲರೂ ಬಲ್ಲ ಕಷ್ಟವೇ. ಮರಣದ ನೆರಳಿನಲ್ಲಿಯೂ ಅದು ಮಾಮೂಲಿನಂತೆ ಇದ್ದಿತೆಂಬುದು ಯೋಚಿಸತಕ್ಕ ವಿಷಯ. ಹುಡುಗರು ಸದಾ ಸ್ಫೂರ್ತಿಯಿಂದ ತುಂಬಿದ್ದರೆಂದು ಭಾವಿಸುವುದು ತಪ್ಪು. ಅವರಿಗೆ ಹಸಿವಿದ್ದಿತು, ಆಲಸ್ಯವಿದ್ದಿತು, ಕೆಲಸಕ್ಕೆ ಹೋಗಿ ಬಂದ ದಣಿವಿದ್ದಿತು. ಆದರೂ ಶುಕ್ರವಾರ ಬರುತ್ತಿದ್ದಿತು. ಸಂಗಡಿಗರು ಕೇಳುವುದಕ್ಕೆ ಕಾಯುತ್ತಿದ್ದರು. ನಾಳೆಯೆಂಬುದನ್ನೇ ಕಿತ್ತುಕೊಂಡಿದ್ದ ಸ್ಥಳದಲ್ಲಿ, ಮುಂದಿನ ಸಂಚಿಕೆಯೆಂಬುದು ಒಂದು ನಾಳೆಯನ್ನು ಹಿಂದಕ್ಕೆ ತಂದುಕೊಟ್ಟಿತು.

೫

ಪತ್ರಿಕೆಯ ವಸ್ತುವೈವಿಧ್ಯ ಆಶ್ಚರ್ಯಕರವಾದುದು. ಪದ್ಯ, ಕಥೆ, ಪ್ರಬಂಧ, ಸಂಭಾಷಣೆ, ಗ್ರಂಥವಿಮರ್ಶೆ, ನಗೆಹನಿ, ಚಿತ್ರ ಇವೆಲ್ಲಕ್ಕೂ ಅದರಲ್ಲಿ ಸ್ಥಳವಿದ್ದಿತು. ‘ನಮ್ಮಲ್ಲೊಬ್ಬ’ ಎಂಬ ಅಂಕಣದಲ್ಲಿ ನಿಲಯದ ಹುಡುಗರ ವ್ಯಕ್ತಿಚಿತ್ರಗಳು ಬಂದುವು. ಬಂದಿವಾಸದ ಲೆಕ್ಕದಲ್ಲಿ ಪ್ರತಿಯೊಬ್ಬನೂ ಸಾಗಣೆಯ ಒಂದು ಸಂಖ್ಯೆ ಮಾತ್ರ. ಪತ್ರಿಕೆಯಲ್ಲಿ ಅವನಿಗೆ ನಡೆ, ನುಡಿ, ಗುಣ, ದೋಷ, ಅಡ್ಡಹೆಸರು ಎಲ್ಲವೂ ಉಂಟು. ಐಸಿಂಗರನೂ ರಷ್ಯನ್ ಭಾಷೆಯಿಂದ ಅನುವಾದಗಳನ್ನೂ ಲೇಖನಗಳನ್ನೂ ಕೊಟ್ಟನು. ಅವನು ಬರೆದುದು ಲೇಖಕರಲ್ಲಿ ಒಬ್ಬನಾಗಿ.

ಗಿಂಜನು ‘ತೆರೆಜೀನಿನಲ್ಲಿ ಅಲೆದಾಟ’ ಎಂಬ ಲೇಖನಮಾಲೆಯನ್ನು ಬರೆದನು. ಊರಿನ ಒಂದೊಂದು ಸ್ಥಳಕ್ಕೆ ಹೋಗಿ, ಅಲ್ಲಿ ಕೆಲಸ ಮಾಡುವವರನ್ನು ಪ್ರಶ್ನಿಸಿ, ತಿಳಿದುದನ್ನು ಬರೆಯುವುದು ಅವನ ರೀತಿ. ರೊಟ್ಟಿ ಸುಡುವ ಭಟ್ಟಿ, ಹೆರಿಗೆಯ ಮನೆ, ಬೆಂಕಿ ಆರಿಸುವ ಠಾಣೆ, ಕೊನೆಗೆ ಹೆಣಗಳನ್ನು ಸುಡುವ ಕುಲುಮೆ ಇವೆಲ್ಲವನ್ನೂ ಅವನು ನೋಡಿ ಬಂದು ಬರೆದನು. ಈ ಬರಹಗಳಲ್ಲಿ ಗೋಳಾಟ ಕಾಣುವುದಿಲ್ಲ. ಯಂತ್ರ ಹೇಗೆ ನಡೆಯುತ್ತದೆ, ಎಷ್ಟು ಜನ ಕೆಲಸ ಮಾಡುತ್ತಾರೆ ಎಂಬ ಕುತೂಹಲ ಮುಂದಾಗಿರುತ್ತದೆ. ಕರುಣವು ವಿವರಗಳ ನಡುವಿನಿಂದ ತಾನಾಗಿ ಹುಟ್ಟುತ್ತದೆ. ರಸವನ್ನು ಬಾಯಿಬಿಟ್ಟು ಹೇಳಿದರೆ ಅದು ಕೆಡುತ್ತದೆಂಬ ಮಾತನ್ನು ಆಲಂಕಾರಿಕರು ಶಾಸ್ತ್ರವಾಗಿ ಹೇಳಿದ್ದಾರೆ; ಈ ಹುಡುಗನಿಗೆ ಅದು ಬರಹದ ಅಭ್ಯಾಸದಿಂದ ತಿಳಿದಂತಿದೆ. ಅಲ್ಲದೆ ಅವನ ಕೇಳುಗರೂ ಆ ಊರಿನಲ್ಲಿಯೇ ವಾಸವಾಗಿದ್ದವರು. ಅಲ್ಲಿ ದುಃಖವಿದೆಯೆಂದು ಅವರಿಗೆ ಹೊಸದಾಗಿ ಹೇಳಬೇಕಾಗಿರಲಿಲ್ಲ; ಅವರು ಕಾಣದ ಮೂಲೆಯನ್ನು ಕಾಣಿಸಿದರೆ ಸಾಕಾಗಿದ್ದಿತು. ಕೇಳುವವರ ಸ್ವರೂಪವೇ ಬರಹದ ಶೈಲಿಯನ್ನು ನಿಯಮಿಸಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಪದ್ಯದಲ್ಲಿ ಹನುಶ್ ಹಾಖೆನ್‌ಬುರ್ಗನ ಹೆಸರು ಮೊದಲು ಹೇಳತಕ್ಕದ್ದು. ೧೯೨೯ರಲ್ಲಿ ಹುಟ್ಟಿ, ಪ್ರಾಗ್ ನಗರದ ಅನಾಥಾಲಯದಲ್ಲಿ ಬೆಳೆದ ಈ ಬಾಲಕನು ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿಯೇ ತನ್ನ ವಯಸ್ಸನ್ನು ಮೀರಿದ ಗಾಂಭೀರ್ಯದಿಂದ ಬರೆದನು. ಬಾಲ್ಯವು ತನ್ನನ್ನು ಬಿಟ್ಟುಹೋದುದು, ತನ್ನ ನಾಡು ಯಾವುದೆಂಬ ಸಂದೇಹ, ಸಾವಿನ ಸಾಮೀಪ್ಯ ಇವು ಅವನ ಪದ್ಯಗಳ ವಸ್ತು. ಅವನು ಬೊಂಬೆಯಾಟಕ್ಕಾಗಿ ಬರೆದ ‘ಭೂತ ಬೇಕಾಗಿದೆ’ ಎಂಬರ್ಥದ ಹೆಸರಿನ ನಾಟಕವೂ ಉಳಿದಿದೆ. ಎಲ್ಲರೂ ತನ್ನಂತೆಯೇ ಯೋಚಿಸಬೇಕೆನ್ನುವ ರಾಜನೊಬ್ಬನು, ಪ್ರಜೆಗಳನ್ನು ಹೆದರಿಸುವುದಕ್ಕೆ ಒಂದು ಭೂತವನ್ನು ಮಾಡಿಸಬೇಕೆಂದು ಅರುವತ್ತು ವರ್ಷ ಮೀರಿದವರ ಮೂಳೆಗಳನ್ನೆಲ್ಲ ಕೂಡಿಹಾಕಿಸುತ್ತಾನೆ. ಇದು ಅದರ ಕಥೆ. ಜರ್ಮನಿಯಿಂದಲೂ ಆಸ್ಟ್ರಿಯಾದಿಂದಲೂ ಸಾವಿರಗಟ್ಟಲೆ ವೃದ್ಧರನ್ನು ತೆರೆಜೀನಿಗೆ ತಂದು ಸಾಯಲು ಬಿಟ್ಟಿದ್ದರೆಂಬುದನ್ನು ನೆನೆದರೆ ಈ ಹಾಸ್ಯದ ಮೊನೆ ಎಲ್ಲಿ ನಾಟುತ್ತದೆಂಬುದು ತಿಳಿಯುತ್ತದೆ. ನಗುವುದಕ್ಕೆ ಒಬ್ಬನಿಂದಾಗದು. ಪ್ರಹಸನವನ್ನು ಬರೆದವನಿಗೆ, ಅದರ ಸೂಚನೆಯನ್ನು ಅರ್ಧಮಾತಿನಲ್ಲಿಯೇ ಹಿಡಿಯುವ ನಲವತ್ತು ಜನ ಎದುರಿಗಿರುವರೆಂಬ ಭರವಸೆ ಇದ್ದಿತು.

ಮತ್ತೊಬ್ಬ ಲೇಖಕ ಜ್ದೆನೆಕ್ ಓರ್ನೆಸ್ತ್. ಇವನ ಅಣ್ಣ ಯಿರ್ಜಿ ಓರ್ತೆನ್ ಚೆಕ್ ಭಾಷೆಯ ಮುಖ್ಯ ಕವಿಗಳಲ್ಲಿ ಒಬ್ಬನು. ೧೯೪೧ನೆಯ ಆಗಸ್ಟಿನಲ್ಲಿ, ತನ್ನ ಇಪ್ಪತ್ತೆರಡನೆಯ ಹುಟ್ಟುಹಬ್ಬದ ದಿನ, ಪ್ರಾಗ್ ನಗರದಲ್ಲಿ ಜರ್ಮನರ ವಾಹನವೊಂದರ ಕೆಳಗೆ ಸಿಕ್ಕಿ, ಕೆಲವೇ ದಿನಗಳಲ್ಲಿ ಸತ್ತನು. ಆದುದರಿಂದ ತಮ್ಮನು ಪತ್ರಿಕೆಗೆ ಪದ್ಯವನ್ನು ಬರೆಯುವಾಗ ಕವಿತೆಯೆಂಬುದು ಅವನಿಗೆ ಪರಕೀಯವಾಗಿರಲಿಲ್ಲ.

ಈ ಬರಹಗಳಲ್ಲಿ ದೋಷಗಳಿಲ್ಲವೆಂದಲ್ಲ. ಓದಿದ ಕವಿಗಳ ಅನುಕರಣೆಯಿದೆ. ದೊಡ್ಡವರ ರಾಜಕೀಯದ ಘೋಷಣೆಗಳ ಪ್ರತಿಧ್ವನಿಯಿದೆ. ಛಂದಸ್ಸಿನ ತೊಡಕು, ಭಾವದ ಅತಿರೇಕ ಇವೂ ಇವೆ. ಹುಡುಗರು ತಾವೇ ವಿಮರ್ಶೆಯನ್ನು ಬರೆಯುತ್ತಿದ್ದುದರಿಂದ, ಬರಹದಲ್ಲಿ ಒಳ್ಳೆಯದೂ ಕೆಟ್ಟುದೂ ಉಂಟೆಂಬ ತತ್ತ್ವವನ್ನು ಒಪ್ಪಿದ್ದರೆಂಬುದು ಸ್ಪಷ್ಟ. ಅವರು ಒಬ್ಬರಿಂದೊಬ್ಬರು ಬಯಸಿದುದು ಅನುಕಂಪಕ್ಕಿಂತ ಹೆಚ್ಚಾಗಿ ಒಳ್ಳೆಯ ಬರಹವನ್ನು. ಇಂದಿನ ವಿಮರ್ಶಕನು ದೋಷಗಳನ್ನು ಮುಚ್ಚಿಟ್ಟರೆ ಅವರು ತಮಗೆ ತಾವೇ ಕೊಟ್ಟುಕೊಂಡಿದ್ದ ಮರ್ಯಾದೆಯನ್ನು ಕಳೆದಂತಾಗುತ್ತದೆ.

ತೆರೆಜೀನಿನ ಸಾಂಸ್ಕೃತಿಕ ಜೀವನದಲ್ಲಿ ‘ವೆದೆಮ್’ ಪತ್ರಿಕೆಯ ಸ್ಥಾನವನ್ನು ಗುರುತಿಸಬೇಕಾದರೆ ಇನ್ನೊಂದು ವಿಷಯವನ್ನು ಜೊತೆಗಿಟ್ಟು ನೋಡಬೇಕು. ಹಾನ್ಸ್ ಕ್ರಾಸಾ ಎಂಬಾತನ ‘ಬ್ರುಂದಿಬಾರ್’ ಎಂಬ ಮಕ್ಕಳ ಗೀತನಾಟಕ ೧೯೪೩ನೆಯ ಸೆಪ್ಟೆಂಬರಿನಿಂದ ಅಲ್ಲಿ ೫೫ ಸಲ ಪ್ರದರ್ಶಿತವಾಯಿತು. ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಮಕ್ಕಳಿಗೆ ಚಿತ್ರಕಲೆಯನ್ನು ಕಲಿಸಿ, ಸುಮಾರು ೪,೫೦೦ ಚಿತ್ರಗಳನ್ನು ಎರಡು ಪೆಟ್ಟಿಗೆಗಳಲ್ಲಿ ಉಳಿಸಿಹೋದಳು. ೧೯೪೪ನೆಯ ಜೂನ್ ೨೩ರಂದು ಅಂತರರಾಷ್ಟ್ರೀಯ ರೆಡ್ ಕ್ರಾಸ್ ಪ್ರತಿನಿಧಿಗಳು ಬಂದಾಗ ಜರ್ಮನರು ಊರಿಗೆ ಬಣ್ಣ ಬಳಿದು, ಹೂಗಿಡಗಳನ್ನು ನೆಟ್ಟು, ‘ಬ್ರುಂದಿಬಾರ್’ ನಾಟಕವನ್ನೇ ಅತಿಥಿಗಳ ಮುಂದೆ ಆಡಿಸಿ, ಬಂದಿಗಳು ಸುಖವಾಗಿದ್ದಾರೆಂಬ ಸುಳ್ಳನ್ನು ನಂಬಿಸಿದರು. ಮಕ್ಕಳ ಕಲೆಯನ್ನೂ ಕಪಟಕ್ಕೆ ಬಳಸಬಹುದೆಂಬುದಕ್ಕೆ ಇದು ಕ್ರೂರವಾದ ಉದಾಹರಣೆ. ಅದರಲ್ಲಿ ಹಾಡಿದ ಮಕ್ಕಳ ಮೇಲೆ ಯಾವ ದೋಷವೂ ಇಲ್ಲ. ಆದರೆ ‘ವೆದೆಮ್’ ಈ ದುರುಪಯೋಗಕ್ಕೆ ಸಿಕ್ಕಲಿಲ್ಲ. ಅದರ ಪುಟಗಳನ್ನು ಹೊರಗಿನ ಯಾವ ಪ್ರೇಕ್ಷಕನಿಗೂ ತೋರಿಸುವಂತಿರಲಿಲ್ಲ. ಒಂದೇ ಪ್ರತಿ, ಒಂದೇ ಕೋಣೆ, ಗೊತ್ತಿರುವ ಕೇಳುಗರು. ಈ ಕಿರಿತನದಲ್ಲಿಯೇ ಅದರ ಸ್ವಾತಂತ್ರ್ಯವಿದ್ದಿತು. ಅದೇ ಊರಿನ ಬೇರೆ ನಿಲಯಗಳಲ್ಲಿ ‘ಕಮರಾದ್’, ‘ಬೊನಾಕೊ’ ಮೊದಲಾದ ಮಕ್ಕಳ ಪತ್ರಿಕೆಗಳೂ ಹೊರಟುವೆಂಬುದನ್ನು ನೋಡಿದರೆ, ಇಂತಹ ಕೂಟದ ಆವಶ್ಯಕತೆ ಒಂದು ಕೋಣೆಗೆ ಮಾತ್ರ ಸೇರಿದುದಲ್ಲವೆಂದು ತಿಳಿಯಬರುತ್ತದೆ.

೬

ಬರೆಯುವವರ ಸಂಖ್ಯೆ ಕ್ರಮೇಣ ಕುಗ್ಗಿತು. ಸಾಗಣೆಯ ಪಟ್ಟಿ ಬಂದಾಗಲೆಲ್ಲ ಶುಕ್ರವಾರದ ಕೂಟದಲ್ಲಿ ಕೆಲವು ಮಂಚಗಳು ಬರಿದಾಗುತ್ತಿದ್ದುವು. ಹೊಸ ಹುಡುಗರು ಬರುತ್ತಿದ್ದರು. ೧೯೪೩ನೆಯ ಡಿಸೆಂಬರಿನಲ್ಲಿ ಹಾಖೆನ್‌ಬುರ್ಗನನ್ನು ಆಷ್‌ವಿಟ್ಸಿಗೆ ಸಾಗಿಸಿದರು. ಮರುವರ್ಷದ ಬೇಸಗೆಯಲ್ಲಿ ಅಲ್ಲಿ ಅವನನ್ನು ಕೊಂದರು. ಅವನಿಗೆ ಆಗ ಸುಮಾರು ಹದಿನೈದು ವರ್ಷ. ಪತ್ರಿಕೆಯ ಕೊನೆಯ ಸಂಚಿಕೆ ೧೯೪೪ನೆಯ ಜುಲೈ ೩೦ರದು. ಸೆಪ್ಟೆಂಬರ್ ೨೮ರಂದು ಶರತ್ಕಾಲದ ದೊಡ್ಡ ಸಾಗಣೆಗಳು ಆರಂಭವಾದುವು. ಒಂದು ತಿಂಗಳಲ್ಲಿ ಹನ್ನೊಂದು ರೈಲುಗಳು ಸುಮಾರು ೧೮,೦೦೦ ಜನರನ್ನು ಆಷ್‌ವಿಟ್ಸಿಗೆ ಒಯ್ದುವು. ಮೊದಲನೆಯ ರೈಲಿನಲ್ಲಿಯೇ ಗಿಂಜನೂ ಐಸಿಂಗರನೂ ಇದ್ದರು. ಗಿಂಜನನ್ನು ವಿಷಾನಿಲದ ಕೋಣೆಯಲ್ಲಿ ಕೊಂದರು. ಅವನಿಗೆ ಹದಿನಾರು ವರ್ಷ. ಐಸಿಂಗರನು ೧೯೪೫ರ ಆರಂಭದಲ್ಲಿ ಸತ್ತನು. ಒಂದನೆಯ ನಿಲಯದಲ್ಲಿ ಬಾಳಿದ ಸುಮಾರು ನೂರು ಬಾಲಕರಲ್ಲಿ ಯುದ್ಧದ ಕೊನೆಗೆ ಉಳಿದವರು ಹದಿನೈದು ಜನ.

ತೆರೆಜೀನಿನಲ್ಲಿಯೇ ಕೊನೆಯವರೆಗೆ ಉಳಿದವನು ಜ್ದೆನೆಕ್ ತೌಸಿಗ್. ಅವನ ತಂದೆಗೆ ಕಮ್ಮಾರಸಾಲೆಯಲ್ಲಿ ಕೆಲಸವಿದ್ದುದರಿಂದ ಅವರನ್ನು ಸಾಗಿಸಿರಲಿಲ್ಲ. ಈ ಬಾಲಕನು ಪತ್ರಿಕೆಯ ಹಾಳೆಗಳನ್ನೆಲ್ಲ ಕೂಡಿಸಿ ಆ ಕಮ್ಮಾರಸಾಲೆಯಲ್ಲಿ ಹುದುಗಿಸಿಟ್ಟನು. ೧೯೪೫ನೆಯ ಮೇ ತಿಂಗಳಲ್ಲಿ ಬಿಡುಗಡೆಯಾದ ಮೇಲೆ ಅವನ್ನು ಹೊರತೆಗೆದು ಪ್ರಾಗ್ ನಗರಕ್ಕೆ ತಂದನು. ಹಾಳೆಗಳು ಯಿರ್ಜಿ ಬ್ರಾಡಿ ಎಂಬ ಸಂಗಡಿಗನ ಕೈ ಸೇರಿ, ಅವನು ದೇಶವನ್ನು ಬಿಟ್ಟುಹೋಗುವಾಗ ಓರ್ನೆಸ್ತನ ವಶಕ್ಕೆ ಬಂದುವು.

ಉಳಿದುದು ಬೆಳಕಿಗೆ ಬರಬೇಕಾದರೆ ಮತ್ತೆ ಐವತ್ತು ವರ್ಷ ಹಿಡಿಯಿತು. ನಟನಾದ ಓರ್ನೆಸ್ತ್, ಬದುಕಿ ಬಂದ ಮತ್ತೊಬ್ಬ ಸಂಗಡಿಗ ಕುರ್ಟ್ ಕೊತೌಚ್, ಮರಿಯೆ ರೂತ್ ಕ್ರ್ಷೀಜ್ಕೊವಾ ಎಂಬ ವಿದುಷಿ ಇವರು ಮೂವರು ಸೇರಿ ಒಂದು ಸಂಕಲನವನ್ನು ಸಿದ್ಧಪಡಿಸಿದರು. ಆಗಿನ ಚೆಕೊಸ್ಲೊವಾಕಿಯದ ಕಮ್ಯೂನಿಸ್ಟ್ ಸರಕಾರ ಅದರ ಮುದ್ರಣಕ್ಕೆ ಅವಕಾಶ ಕೊಡಲಿಲ್ಲ. ಆದುದರಿಂದ ಸಂಕಲನವು ಟೈಪು ಮಾಡಿದ ಪ್ರತಿಗಳಲ್ಲಿ ಗುಟ್ಟಾಗಿ ಕೈಯಿಂದ ಕೈಗೆ ಸಾಗಿತು. ಸೆರೆಯಲ್ಲಿ ಕೈಬರಹವಾಗಿ ಹುಟ್ಟಿದುದು ಸೆರೆಯಿಂದ ಹೊರಬಂದ ಮೇಲೆಯೂ ಬಹುಕಾಲ ಕೈಬರಹದ ಗತಿಯನ್ನೇ ಅನುಭವಿಸಿತು. ಆ ಸರಕಾರ ಬಿದ್ದ ಬಳಿಕ, ೧೯೯೫ರಲ್ಲಿ, ಸಂಕಲನವು ವಾಚ್ಲಾವ್ ಹಾವೆಲನ ಮುನ್ನುಡಿಯೊಡನೆ ಇಂಗ್ಲಿಷಿನಲ್ಲಿಯೂ ಪ್ರಕಟವಾಯಿತು. ಓರ್ನೆಸ್ತನು ೧೯೯೦ರಲ್ಲಿಯೇ ತೀರಿಕೊಂಡಿದ್ದನು. ಮೂಲದ ಹಾಳೆಗಳು ತೆರೆಜೀನಿನ ಸ್ಮಾರಕಭವನದಲ್ಲಿವೆ.

ಗಿಂಜನ ಹೆಸರು ಲೋಕಪ್ರಸಿದ್ಧವಾದುದು ಇನ್ನೊಂದು ದುರಂತದ ಮೂಲಕ. ಅವನು ಬಿಡಿಸಿದ ‘ಚಂದ್ರಲೋಕದ ದೃಶ್ಯ’ ಎಂಬ ಚಿತ್ರದ ಪ್ರತಿಯನ್ನು ಇಸ್ರೇಲಿನ ಇಲಾನ್ ರಾಮೋನ್ ಅಂತರಿಕ್ಷಕ್ಕೆ ಕೊಂಡೊಯ್ದನು. ಅವನಿದ್ದ ‘ಕೊಲಂಬಿಯ’ ನೌಕೆ ೨೦೦೩ನೆಯ ಫೆಬ್ರವರಿ ೧ರಂದು ಸಿಡಿದುಹೋಯಿತು. ಅದು ಗಿಂಜನು ಹುಟ್ಟಿ ೭೫ ವರ್ಷ ತುಂಬಿದ ದಿನ. ಆ ನೌಕೆಯಲ್ಲಿ ನಮ್ಮ ದೇಶದ ಕಲ್ಪನಾ ಚಾವ್ಲಾ ಇದ್ದಳೆಂಬುದನ್ನು ಇಲ್ಲಿ ನೆನೆಯಬಹುದು. ಸುದ್ದಿಯನ್ನು ಓದಿದ ಪ್ರಾಗ್ ನಗರದ ನಿವಾಸಿಯೊಬ್ಬನು ತನ್ನ ಮನೆಯಲ್ಲಿ ಸಿಕ್ಕಿದ್ದ ಹಳೆಯ ಪುಸ್ತಕಗಳು ಇದೇ ಬಾಲಕನವೆಂದು ಗುರುತಿಸಿದನು. ಅವನು ಸೆರೆಗೆ ಹೋಗುವ ಮೊದಲು ಬರೆದ ದಿನಚರಿ ಹೀಗೆ ದೊರೆತು, ಅವನ ತಂಗಿಯ ಸಂಪಾದಕತ್ವದಲ್ಲಿ ೨೦೦೪ರಲ್ಲಿ ಅಚ್ಚಾಯಿತು.

೭

ತೆರೆಜೀನಿನ ಎಳೆಯರ ಬರಹವೆಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಪ್ರಾಗ್ ನಗರದಲ್ಲಿ ೧೯೫೯ರಲ್ಲಿ ಹೊರಟು ಅನೇಕ ಭಾಷೆಗಳಿಗೆ ಪರಿವರ್ತಿತವಾದ, ಚಿಟ್ಟೆಯ ಪದ್ಯದಿಂದ ಹೆಸರಾದ ಚಿತ್ರ-ಕವನ ಸಂಕಲನ. ಅದು ಮಾಡಿದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೂ ಅಂತಹ ಸಂಕಲನಕ್ಕೆ ಸಹಜವಾದ ಒಂದು ಕೊರತೆಯಿದೆ. ಒಂದೊಂದು ಪದ್ಯವೂ ತನ್ನ ಸುತ್ತಲಿನಿಂದ ಬೇರ್ಪಟ್ಟು, ಬಿಳಿಯ ಹಾಳೆಯ ನಡುವೆ ಒಂಟಿಯಾಗಿ ನಿಂತು, ಸತ್ತ ಮಗುವಿನ ದನಿಯಾಗಿ ಕೇಳಿಸುತ್ತದೆ. ಆ ಚಿಟ್ಟೆಯ ಪದ್ಯವನ್ನು ೧೯೪೨ರಲ್ಲಿ ಬರೆದ ಪಾವೆಲ್ ಫ್ರೀಡ್ಮನ್ ಮಗುವಲ್ಲ, ಇಪ್ಪತ್ತೊಂದು ವರ್ಷದ ತರುಣನೆಂಬುದನ್ನು ಅನೇಕ ವಾಚಕರು ಅರಿಯರು. ವಾಚಕನ ಕಣ್ಣೀರು ಬರೆದವನ ಮುಖವನ್ನು ಮಸುಕುಮಾಡಿದೆ.

‘ವೆದೆಮ್’ ಪತ್ರಿಕೆಯನ್ನು ಸಂಚಿಕೆಯಾಗಿ ಓದಿದಾಗ ಈ ಮಸುಕು ಸರಿಯುತ್ತದೆ. ಮೃತ್ಯುವಿನ ಪದ್ಯದ ಮಗ್ಗುಲಲ್ಲಿ ಹಾಸ್ಯದ ತುಣುಕು, ಅದರ ಮಗ್ಗುಲಲ್ಲಿ ನಿಲಯದ ಹುಡುಗನ ವ್ಯಕ್ತಿಚಿತ್ರ, ಸಂಪಾದಕನ ಗೊಣಗಾಟ, ವಿಮರ್ಶಕನ ಕೊಂಕು ಕಾಣಿಸುತ್ತವೆ. ಬರೆದವರು ಸಾಯುವುದಕ್ಕಾಗಿ ಕಾಯುತ್ತಿದ್ದವರಾಗಿ ಕಾಣದೆ, ಮುಂದಿನ ಶುಕ್ರವಾರಕ್ಕೆ ಬರಹ ಸಿದ್ಧಮಾಡಿಕೊಳ್ಳುತ್ತಿದ್ದವರಾಗಿ ಕಾಣುತ್ತಾರೆ. ಇದರಿಂದ ಅವರಿಗೆ ಒದಗಿದ ಅಂತ್ಯದ ಘೋರತೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ನಾಶವಾದುದು ಎಳೆಯ ಜೀವಗಳು ಮಾತ್ರವೇ ಅಲ್ಲ, ಬರೆಯುವುದನ್ನೂ ಕೇಳುವುದನ್ನೂ ಕಲಿತಿದ್ದ ಒಂದು ಸಾಹಿತ್ಯಸಮಾಜವೆಂಬುದು ಆಗ ಅರಿವಾಗುತ್ತದೆ.

ಸಾಹಿತ್ಯವನ್ನು ಬೋಧಿಸುವವರಿಗೆ ಈ ಚರಿತ್ರೆಯಿಂದ ತಿಳಿಯಬರುವ ಸಂಗತಿ ಒಂದುಂಟು. ಕಾವ್ಯರಚನೆಗೆ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂದು ನಮ್ಮ ಆಲಂಕಾರಿಕರು ಮೂರು ಕಾರಣಗಳನ್ನು ಹೇಳಿ, ಅದನ್ನು ಸವಿಯುವುದಕ್ಕೆ ಸಹೃದಯನೆಂಬವನನ್ನು ಕಲ್ಪಿಸಿದರು. ಎಳೆಯ ಲೇಖಕನ ವಿಷಯದಲ್ಲಿ ಆ ಸಹೃದಯನು ಕಾವ್ಯ ಮುಗಿದ ಮೇಲೆ ಬರುವವನಲ್ಲ. ಅವನಿಲ್ಲದೆ ಅಭ್ಯಾಸವೇ ನಡೆಯದು. ಅವನು ಗುರುವಾಗಿರುವುದಕ್ಕಿಂತ ಸಮವಯಸ್ಕನಾಗಿರುವುದು ಮೇಲು. ತನ್ನ ಬರಹವನ್ನೂ ಓದಿ ಕೇಳಿಸುವ ಸರದಿ ಅವನಿಗೂ ಬರುವುದರಿಂದ ಅವನ ಮೆಚ್ಚಿಗೆಗೆ ಬೆಲೆಯುಂಟು, ಅವನ ಟೀಕೆಗೆ ಹೊಣೆಯುಂಟು. ಐಸಿಂಗರನು ಇದನ್ನು ಬಲ್ಲವನಾಗಿದ್ದನು. ಅವನು ಒಂದು ಕಥೆಯನ್ನು ಹೇಳಿ, ಕೋಣೆಯಲ್ಲಿ ಒಂದು ಸಂಜೆಯನ್ನು ಬಿಡುವುಮಾಡಿಕೊಟ್ಟು, ತಾನೂ ಒಬ್ಬ ಲೇಖಕನಾಗಿ ಸಾಲಿನಲ್ಲಿ ಕುಳಿತನು. ಸಂಪಾದಕನ ಪೀಠವನ್ನು ಹದಿನಾಲ್ಕು ವರ್ಷದ ಹುಡುಗನಿಗೆ ಬಿಟ್ಟನು.